ಹಳೆ ಸಾಮಾನು ಮಾರಿ ರೋಗಿಗಳ ಖರ್ಚಿಗೆ ದುಡ್ಡು: ಕೊಡಗಿನಲ್ಲಿ ಅಂಗಡಿ ನಡೆಸುವುದು ಹೇಗೆ?

ಮಂಜಿನೂರು
ಡಯಾಲಿಸಿಸ್ ಮತ್ತು ಕ್ಯಾನ್ಸರ್ ರೋಗಿಗಳ ಕೈಖರ್ಚಿಗೆ ಅಂತ ಮಡಿಕೇರಿಯಲ್ಲಿ ಒಂದು ಹಳೆ ಸಾಮಾನಿನ ಅಂಗಡಿ ತೆರೆಯುವ ಯೋಚನೆ ನಡೆದಿದೆ. ಜನ ಕೊಟ್ಟದ್ದನ್ನು ಮಾರುವುದು, ಉಳಿದ ದುಡ್ಡು ರೋಗಿಗಳಿಗೆ. 300 ಚದರಡಿಯ ರೂಮು, ಹಿಂದೆ ಸಣ್ಣ ಗೋಡೌನು ನೋಡಿದ್ದಾಗಿದೆ. ಬಟ್ಟೆಯಿಂದ ಶುರು ಮಾಡೋಣ ಅನ್ನುವವರೇ ಹೆಚ್ಚು. ಗೊತ್ತಿದ್ದವರು ಹೇಳಿ: ಮಳೆಗಾಲದಲ್ಲಿ ಮಾಲು ಉಳಿಸುವುದು ಹೇಗೆ, ಯಾವುದನ್ನು ಮುಟ್ಟಲೇಬಾರದು, ಲೈಸೆನ್ಸು-ತೆರಿಗೆ ಏನು, ತಿಂಗಳಿಗೆ ಎಷ್ಟು ಮಾರಿದರೆ ಕೈಗೆ ಉಳಿಯುತ್ತದೆ?

ಗೋಣಿಚೀಲ
ಬಟ್ಟೆಯಿಂದ ಶುರು ಮಾಡಬೇಡಿ. ಅದು ಇಂಗ್ಲೆಂಡಿನ ಚಾರಿಟಿ ಅಂಗಡಿ ನೋಡಿ ಹುಟ್ಟಿದ ಯೋಚನೆ. ಅಲ್ಲಿ 1940ರ ದಶಕದ ಕೊನೆಗೆ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ಆಕ್ಸ್‌ಫ್ಯಾಮ್ ಅನ್ನುವ ನೆರವಿನ ಸಂಸ್ಥೆಯ ಅಂಗಡಿ ಬಾಗಿಲು ತೆರೆದಾಗಿನಿಂದ ಜನಕ್ಕೆ ರೂಢಿಯಾಗಿಬಿಟ್ಟಿದೆ. ಹೃದ್ರೋಗಕ್ಕೆ ಒಂದು, ಕ್ಯಾನ್ಸರ್ ಸಂಶೋಧನೆಗೆ ಒಂದು, ಹಾಸ್ಪಿಸ್‌ಗಳಿಗೆ (ಕೊನೆಗಾಲದ ರೋಗಿಗಳ ಆರೈಕೆ ಮನೆ) ಇನ್ನಷ್ಟು ಅಂಗಡಿಗಳಿವೆ. ಮೇಲಾಗಿ ಅಲ್ಲಿ ಗಿಫ್ಟ್ ಏಡ್ ಇದೆ; ತೆರಿಗೆ ಕಟ್ಟುವವರು ಕೊಟ್ಟ ಮಾಲು ಮಾರಿದರೆ ಪ್ರತಿ ಪೌಂಡಿಗೆ 25 ಪೆನ್ನಿ ಸರಕಾರದ ಕಡೆಯಿಂದ ಬರುತ್ತದೆ. ನಮ್ಮಲ್ಲಿ ಅದಿಲ್ಲ. ಇರುವುದು ‘ಯಾರು ಉಟ್ಟು ಬಿಟ್ಟ ಬಟ್ಟೆಯೋ, ಅವರು ಇದ್ದಾರೋ ಹೋದರೋ’ ಅನ್ನುವ ಅಳುಕು. ಕುಕ್ಕರಿಗೂ ಕುರ್ಚಿಗೂ ಆ ಅಳುಕು ಯಾರಿಗೂ ಇಲ್ಲ.

ಇನ್ನೊಂದು: ಬಟ್ಟೆ ಬೇಕು ಅಂತ ಒಂದು ಸಲ ಹೇಳಿದರೆ ಸಾಕು, ನಿಲ್ಲಿಸಲಿಕ್ಕೆ ಆಗುವುದಿಲ್ಲ. 2018ರ ಆಗಸ್ಟಿನ ಭೂಕುಸಿತದ ಹೊತ್ತಿನಲ್ಲಿ ಜಿಲ್ಲೆಗೆ ಲಾರಿಗಟ್ಟಲೆ ಬಂದದ್ದನ್ನು ನೆನಪು ಮಾಡಿಕೊಳ್ಳಿ. ಒಗೆಯದ ಬಟ್ಟೆಯ ಒಂದು ಮೂಟೆ ಗೋಡೌನಿಗೆ ಬಂದರೆ ಪಕ್ಕದ ಹತ್ತು ಮೂಟೆಗೂ ವಾಸನೆ, ತಿಗಣೆ ದಾಟುತ್ತದೆ.

ಲೆಡ್ಜರ್_ಪುಟ
ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಅಂದಾಜು, ನಿಮ್ಮದನ್ನು ಹಾಕಿಕೊಳ್ಳಿ. ಬಾಡಿಗೆ 10,000, ಒಬ್ಬರ ಸಂಬಳ 17,000, ಕರೆಂಟು 2,500, ಒಗೆತ-ಇಸ್ತ್ರಿ 4,000, ಸಾಮಾನು ತರುವ ಗೂಡ್ಸ್ ಆಟೋ 3,500, ಚೀಟಿ-ಚೀಲ-ಸಣ್ಣ ರಿಪೇರಿ 2,000. ಒಟ್ಟು 39,000. ಒಂದೊಂದು ಬಟ್ಟೆ ಸರಾಸರಿ 120 ರೂಪಾಯಿಗೆ ಹೋದರೆ ಖರ್ಚು ಹುಟ್ಟಲಿಕ್ಕೇ ತಿಂಗಳಿಗೆ 325 ಮಾರಬೇಕು. ರೋಗಿಗಳಿಗೆ 20,000 ಉಳಿಸಬೇಕಾದರೆ 492. 26 ದಿನ ಬಾಗಿಲು ತೆರೆದರೆ ದಿನಕ್ಕೆ 19. ಬಂದದ್ದರಲ್ಲಿ ಹತ್ತಕ್ಕೆ ನಾಲ್ಕು ಮಾರುವಂತಿದ್ದರೆ ತಿಂಗಳಿಗೆ 1,230 ಬಟ್ಟೆ ಬರಬೇಕು, ಅದರಲ್ಲಿ 738ನ್ನು ನೀವೇ ಎಲ್ಲಿಗಾದರೂ ಸಾಗಿಸಬೇಕು. ಒಂದು ಬೀಟೆ ಮರದ ಕುರ್ಚಿ 3,000ಕ್ಕೆ ಹೋದರೆ ಅದೇ 25 ಶರ್ಟು.

ಶುಕ್ರವಾರ_ಸಂತೆ
ಬಟ್ಟೆ ಪೂರ್ತಿ ಬೇಡ ಅಂದರೆ ನಾನು ಒಪ್ಪುವುದಿಲ್ಲ. ಯಾವ ಬಟ್ಟೆ, ಯಾವ ತಿಂಗಳು ಅಂತ ನೋಡಬೇಕು. ಸ್ವೆಟರ್, ಜಾಕೆಟ್, ಕಂಬಳಿ ನವೆಂಬರಿನಿಂದ ಜನವರಿ ತನಕ ಇಟ್ಟ ಕೂಡಲೇ ಮಾರಿಹೋಗುತ್ತದೆ. ಕಾಫಿ ಕುಯ್ಲಿಗೆ ಹೊರಗಿನಿಂದ ಬರುವವರು ಇಲ್ಲಿಯ ಚಳಿಗೆ ತಯಾರಾಗಿ ಬಂದಿರುವುದಿಲ್ಲ. ರೈನ್‌ಕೋಟು, ಗಂಬೂಟು, ಕೊಡೆ ಮೇ ಎರಡನೇ ವಾರಕ್ಕೆ ಹೊರಗೆ ಬರಬೇಕು, ಜೂನ್‌ನಲ್ಲಿ ಇಟ್ಟರೆ ಕೊಳ್ಳುವವರು ಆಗಲೇ ಹೊಸದು ಕೊಂಡಿರುತ್ತಾರೆ. ಮಕ್ಕಳ ಬಟ್ಟೆಗೂ ಅಳುಕು ಕಮ್ಮಿ.

ಮಾರುವ ಜಾಗವೂ ಅಂಗಡಿಯೊಂದೇ ಅಲ್ಲ. ಲೈನ್ ಮನೆಯವರು (ತೋಟದ ಕೂಲಿಯವರು) ವಾರದ ಬಟವಾಡೆ ಆದ ಮೇಲೆ ಸಂತೆಗೆ ಬರುತ್ತಾರೆ, ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಮಡಿಕೇರಿಯಲ್ಲಿ ಶುಕ್ರವಾರ, ಸೋಮವಾರಪೇಟೆಯಲ್ಲಿ ಸೋಮವಾರ, ಶನಿವಾರಸಂತೆಯಲ್ಲಿ ಶನಿವಾರ ಒಂದು ಟಾರ್ಪಾಲು ಹಾಸಿ ‘ಯಾವುದಾದರೂ 50’ ಅಂತ ಇಟ್ಟರೆ ನಿಂತ ಮಾಲು ಕರಗುತ್ತದೆ.

ಕುಪ್ಯ, ಚೇಲೆ (ಕೊಡವ ಗಂಡಸರ ನಿಲುವಂಗಿ, ಸೊಂಟಕ್ಕೆ ಸುತ್ತುವ ಪಟ್ಟಿ) ಬಂದರೆ ಬಟ್ಟೆ ರಾಶಿಗೆ ಹಾಕಬೇಡಿ. ಕಪ್ಪು ಕುಪ್ಯ ಹುತ್ತರಿಗೆ (ಸುಗ್ಗಿ ಹಬ್ಬ) ಮೊದಲು, ವರನ ಬಿಳಿ ಕುಪ್ಯ ಮದುವೆ ಕಾಲದಲ್ಲಿ. ಮಾರುವುದಕ್ಕಿಂತ ಡೆಪಾಸಿಟ್ ಇಟ್ಟುಕೊಂಡು ಬಾಡಿಗೆಗೆ ಕೊಟ್ಟರೆ ಒಂದೇ ಕುಪ್ಯ ವರ್ಷವಿಡೀ ದುಡಿಯುತ್ತದೆ.

ಗೋಣಿಚೀಲ
ಅಣ್ಣ ಹೇಳಿದ್ದು ಸರಿ, ಆದರೆ ಅದಕ್ಕೆ ಮಾಲನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕು. ಅಲ್ಲೇ ಕೊಡಗಿನ ಅಂಗಡಿ ಮುಗ್ಗರಿಸುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡದವರು ಮುಂದೆ ಹೋಗಿ.

ಗಾಳಿಯ ತೇವ ಶೇ 70ರ ಮೇಲೆ ಕೆಲವು ದಿನ ನಿಂತರೆ ಹತ್ತಿ, ಚರ್ಮ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಮಡಿಕೇರಿಯಲ್ಲಿ ಜುಲೈ ತಿಂಗಳು ಹೊರಗೆ 90ರ ಮೇಲೆಯೇ ಇರುತ್ತದೆ. ನಿಮ್ಮ ಗುರಿ ಗೋಡೌನಿನೊಳಗೆ 60. ಮೊದಲು ಒಂದು ತೇವಮಾಪಕ ತಂದು ನೆಲದಿಂದ ಒಂದಡಿ ಮೇಲೆ, ಒಳ ಮೂಲೆಯಲ್ಲಿ ಇಡಿ. ಕೌಂಟರಿನ ಮೇಲೆ ಇಟ್ಟರೆ ಸುಳ್ಳು ಅಂಕಿ ತೋರಿಸುತ್ತದೆ.

ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಮೆಷಿನ್) ಕೊಳ್ಳುವಾಗ ಡಬ್ಬದ ಮೇಲಿನ ‘ದಿನಕ್ಕೆ 20 ಲೀಟರ್’ ನಂಬಬೇಡಿ. ಅದು ಸಾಮಾನ್ಯವಾಗಿ 30 ಡಿಗ್ರಿ ಶಾಖ, ಶೇ 80 ತೇವದಲ್ಲಿ ಅಳೆದದ್ದು. ಇಲ್ಲಿಯ ಮಳೆಗಾಲದ 20 ಡಿಗ್ರಿಯಲ್ಲಿ ಅರ್ಧದಷ್ಟು ನೀರು ತೆಗೆದರೆ ಪುಣ್ಯ. ಹಾಗಾಗಿ ಅದನ್ನು ಅಂಗಡಿಯಲ್ಲಿ ಇಡುವುದೇ ದಂಡ. ಗಿರಾಕಿ ಬಾಗಿಲು ತೆರೆದಾಗಲೆಲ್ಲ ಮಂಜು ಒಳಗೆ ಬರುತ್ತದೆ. ಹಿಂದಿನ ಗೋಡೌನಿಗೆ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹೊಡೆದು, ಮೆಷಿನ್ ಅಲ್ಲಿಡಿ, ನೀರಿಗೆ ಬಕೆಟ್ ಬದಲು ಪೈಪನ್ನು ಹೊರಗೆ ಬಿಡಿ. ಬಕೆಟ್ ತುಂಬಿದರೆ ಮೆಷಿನ್ ತಾನೇ ನಿಲ್ಲುತ್ತದೆ, ಭಾನುವಾರ ನೋಡುವವರು ಯಾರೂ ಇರುವುದಿಲ್ಲ. ಮುಂದಿನ ರೂಮಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಟೀಲು, ಗಾಜು, ಪಿಂಗಾಣಿ, ಪ್ಲಾಸ್ಟಿಕ್ ಮಾತ್ರ.

ಕರೆಂಟು ಎರಡು ಮೂರು ದಿನ ಹೋಗುವುದೂ ಉಂಟಲ್ಲ, ಅದಕ್ಕೆ ಸುಟ್ಟ ಸುಣ್ಣದ ಕಲ್ಲು. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿಸಿ ಬೀರುವಿನ ತಳದಲ್ಲಿಡಿ. ತೇವ ಕುಡಿದ ಹಾಗೆ ಕಲ್ಲು ಒಡೆದು ಉಬ್ಬಿ ಪುಡಿಯಾಗುತ್ತದೆ. ಮುಕ್ಕಾಲು ತುಂಬಿಸಿದರೆ ಬಟ್ಟೆಯ ಮೇಲೆ ಸುರಿಯುತ್ತದೆ. ಪೂರ್ತಿ ಪುಡಿಯಾದರೆ ಅದರ ಕೆಲಸ ಮುಗಿಯಿತು, ಬದಲಿಸಿ. ನೀರು ತಾಗಿದರೆ ಕುದಿಯುತ್ತದೆ, ಸೋರುವ ಮಾಡಿನ ಕೆಳಗೆ ಇಡಬೇಡಿ, ಮಕ್ಕಳಿಗೆ ಎಟುಕಬಾರದು.

ರ‍್ಯಾಕನ್ನು ನೆಲದಿಂದಲೂ ಗೋಡೆಯಿಂದಲೂ ಅರ್ಧ ಅಡಿ ಬಿಟ್ಟು ನಿಲ್ಲಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುವುದು ದೊಡ್ಡ ತಪ್ಪು: ಬಟ್ಟೆಯಲ್ಲಿ ಉಳಿದ ತೇವ ಒಳಗೇ ಬೆವರುತ್ತದೆ. ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ. ಜರಿ ಸೀರೆಗೆ ನುಸಿಗುಳಿಗೆ ತಾಗಿದರೆ ಜರಿ ಕಪ್ಪಾಗುತ್ತದೆ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಚರ್ಮದ ಬೆಲ್ಟು, ಶೂಗಳನ್ನು ಮೇಯಿಂದ ಅಕ್ಟೋಬರ್ ತನಕ ತೆಗೆದುಕೊಳ್ಳಲೇಬೇಡಿ.

ಮಂಜಿನೂರು
ಬೇರ್ಪಡಿಸುವುದಕ್ಕೆ ಒಂದು ಕ್ರಮ ಹೇಳುತ್ತೀರಾ?

ಗೋಣಿಚೀಲ
ಬಾಗಿಲ ಹತ್ತಿರ ಮೇಜು, ಮೇಲೆ ಬಿಳಿ ಟ್ಯೂಬ್‌ಲೈಟು. ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿಯಿರಿ, ತೂತು ಕಾಣುತ್ತದೆ. ಆಮೇಲೆ ಕಾಲರು, ಕಂಕುಳು, ಜಿಪ್ಪು, ಗುಂಡಿ, ಕೊನೆಗೆ ಜೇಬು. ಜೇಬಿನಲ್ಲಿ ದುಡ್ಡು, ಉಂಗುರ, ಆಸ್ಪತ್ರೆ ಚೀಟಿ ಎಲ್ಲ ಸಿಗುತ್ತದೆ, ಅದಕ್ಕೆ ಇಬ್ಬರು ಕೂತು ಮಾಡಬೇಕು. ಒಂದು ಬಟ್ಟೆಗೆ ಅರ್ಧ ನಿಮಿಷ. ‘ಇದನ್ನು ಹೊಲಿದರೆ ಸರಿಯಾಗಬಹುದು’ ಅನ್ನುವ ರಾಶಿ ಮಾಡಬೇಡಿ, ಅದು ಬೆಳೆಯುತ್ತಲೇ ಹೋಗುತ್ತದೆ. ಒಳ ಉಡುಪು, ತಲೆದಿಂಬು, ಹಾಸಿಗೆ, ಹೆಲ್ಮೆಟ್ ಬೇಡವೇ ಬೇಡ.

ಹರಿದ ಹತ್ತಿ ಬಟ್ಟೆ ಗ್ಯಾರೇಜಿಗೆ ಹೋಗುತ್ತದೆ, ಕೈ ಒರೆಸಲಿಕ್ಕೆ. ಗುಂಡಿ, ಜಿಪ್ಪು ಕತ್ತರಿಸಿ, ಒಂದಡಿ ತುಂಡು ಮಾಡಿ, ಕಿಲೋ ಲೆಕ್ಕದಲ್ಲಿ ಕಟ್ಟಿ. ಪಾಲಿಯೆಸ್ಟರ್ ಬೆರೆತರೆ ಎಣ್ಣೆ ಹೀರುವುದಿಲ್ಲ, ಎರಡನೇ ಸಲ ಅವರು ಕೊಳ್ಳುವುದಿಲ್ಲ.

ಚೀಟಿಗೆ ತಿಂಗಳಿಗೊಂದು ಬಣ್ಣದ ದಾರ. ನಾಲ್ಕು ವಾರ ಪೂರ್ತಿ ಬೆಲೆ, ಮತ್ತೆರಡು ವಾರ ಅರ್ಧ, ಆಮೇಲೆ ಸಂತೆಗೆ.

ಸ್ಕ್ರೂಡ್ರೈವರ್
ದುಡ್ಡು ಇರುವುದು ಪಾತ್ರೆ, ಪೀಠೋಪಕರಣ, ಮಿಕ್ಸಿಯಲ್ಲಿ. ಆದರೆ ಒಂದು ಮಿಕ್ಸಿ ಶಾಕ್ ಹೊಡೆದರೆ ಅಂಗಡಿಯ ಹೆಸರು ಮುಗಿಯಿತು. ಬಂದ ಪ್ರತಿ ಕರೆಂಟಿನ ಸಾಮಾನಿಗೆ 500 ವೋಲ್ಟಿನ ಮೆಗ್ಗರ್ (ಕರೆಂಟು ಸೋರುತ್ತದೆಯೇ ಅಂತ ನೋಡುವ ಮೀಟರು) ಇಟ್ಟು ವಯರಿನಿಂದ ಸಾಮಾನಿನ ಹೊರಮೈಗೆ ಅಳೆಯಿರಿ, 1 ಮೆಗಾಓಮ್‌ಗಿಂತ ಕಮ್ಮಿ ಇದ್ದರೆ ಗುಜರಿಗೆ. ಮಳೆಗಾಲದಲ್ಲಿ ಒದ್ದೆ ಗಾಳಿಗೆ ಒಳ್ಳೆಯ ಮೋಟರೂ ಕಮ್ಮಿ ತೋರಿಸುತ್ತದೆ. ಗೋಡೌನಿನಲ್ಲಿ ಎರಡು ದಿನ ಒಣಗಿಸಿ ಮತ್ತೊಮ್ಮೆ ಅಳೆದು ತೀರ್ಮಾನ ಮಾಡಿ. ಮಿಕ್ಸಿಯಲ್ಲಿ ಜಾರಿನ ಬುಷ್ ಸವೆದು ಕೆಳಗೆ ಸೋರುತ್ತದೆಯೇ ಅಂತ ನೀರು ಹಾಕಿ ನೋಡಿ. ನೀರು ಕಾಯಿಸುವ ರಾಡು, ಫ್ರಿಜ್ಜು, ಹಳೆ ಡಬ್ಬಾ ಟಿವಿ, ಯುಪಿಎಸ್ ಬ್ಯಾಟರಿ ತೆಗೆದುಕೊಳ್ಳಬೇಡಿ. ಮಾರಲಿಕ್ಕೂ ಆಗದು, ಬಿಸಾಡಲಿಕ್ಕೂ ಆಗದು.

ಕುಕ್ಕರ್: ತಳ ಉಬ್ಬಿದ್ದರೆ ಅಲ್ಲೇ ಬಿಡಿ. ಉಳಿದವಕ್ಕೆ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಹೊಸದು ಹಾಕಿ, ಅದರ ಖರ್ಚು ಬೆಲೆಯಲ್ಲಿ ಸೇರಿಸಿ. ಗ್ಯಾಸ್ ಒಲೆ ಸರಿ, ಆದರೆ ಸಿಲಿಂಡರು-ರೆಗ್ಯುಲೇಟರು ಕಂಪನಿಯ ಸೊತ್ತು. ಹಳೆ ರಬ್ಬರ್ ಟ್ಯೂಬು ಕತ್ತರಿಸಿ ಎಸೆಯಿರಿ.

ಹಿತ್ತಾಳೆಗೆ ಆಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಒಳಗೆ ಕಬ್ಬಿಣ. ತೂಕದಲ್ಲಿ ಮಾರುವುದಾದರೆ ಕಾನೂನು ಮಾಪನ ಇಲಾಖೆ ಮುದ್ರೆ ಹಾಕಿದ ತಕ್ಕಡಿಯೇ ಬೇಕು. ಗುಜರಿ ದರಕ್ಕಿಂತ ಕಮ್ಮಿಗೆ ಬೆಲೆ ಹಾಕಿದರೆ ಗುಜರಿಯವರೇ ಬಂದು ಎಲ್ಲ ಎತ್ತಿಕೊಂಡು ಹೋಗುತ್ತಾರೆ.

ಮರದ ಸಾಮಾನನ್ನು ಒಳಗೆ ತರುವ ಮೊದಲು ಬಿಳಿ ಹಾಳೆಯ ಮೇಲೆ ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕೊರಕ ಹುಳು ಇದೆ. ಬೀಟೆ, ತೇಗದ ತಿರುಳು ಗಟ್ಟಿ. ಹುಳು ಹೆಚ್ಚಾಗಿ ಬಿಳಿ ಭಾಗದಲ್ಲಿ, ಹಿಂದಿನ ಹಲಗೆಯಲ್ಲಿ ಇರುತ್ತದೆ, ಆ ಹಲಗೆ ಬದಲಿಸಿದರೆ ಸಾಕು.

ಹುತ್ತರಿ_ತಿಂಗಳು
ಬಂಗಲೆ ಖಾಲಿ ಮಾಡುವವರು ಕೊಡುವ ಸಾಮಾನಿನಲ್ಲಿ ಜೈಲಿಗೆ ಕಳುಹಿಸುವಂಥದ್ದೂ ಇರುತ್ತದೆ. ಕಡವೆ ಕೊಂಬು, ಜಿಂಕೆ ಚರ್ಮ, ಹುಲಿ ಉಗುರು, ದಂತದ ಪೆಟ್ಟಿಗೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ‘ಅಜ್ಜನ ಕಾಲದ್ದು, ಸರ್ಟಿಫಿಕೇಟ್ ಇದೆ’ ಅಂದರೂ ಮಾರುವ ಹಕ್ಕು ನಿಮಗೆ ಬರುವುದಿಲ್ಲ. ಸಾಮಾನು ತುಂಬುವಾಗಲೇ ನೋಡಿ, ಆಟೋಗೆ ಹತ್ತಿಸಲೇಬೇಡಿ.

ಕೋವಿ, ತೋಟೆ ಬೇಡ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸಿನ ವಿನಾಯಿತಿ ಇಟ್ಟುಕೊಳ್ಳಲಿಕ್ಕೆ, ವ್ಯಾಪಾರಕ್ಕಲ್ಲ. ನೂರು ವರ್ಷ ದಾಟಿದ ಕಂಚಿನ ವಿಗ್ರಹ, ಕೆತ್ತನೆ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಹಸ್ತಪ್ರತಿಗೆ 75 ವರ್ಷವೇ ಸಾಕು. ಬಿಡಿ ಹಲಗೆ, ತೊಲೆಯೂ ಬೇಡ, ಮರ ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕಾಗುತ್ತದೆ.

ಕಾಯ್ದೆಗಿಂತ ಹೆಚ್ಚು ತಲೆನೋವು ಐನ್‌ಮನೆಯ (ಕೊಡವ ಮನೆತನದ ಮೂಲಮನೆ) ಸಾಮಾನು. ದೀಪ, ಪತ್ತಾಯ (ಕಾಳಿನ ಪೆಟ್ಟಿಗೆ), ಹಿತ್ತಾಳೆ ಹಂಡೆ ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ ಸೇರಿದ್ದು. ಒಬ್ಬರು ಕೊಡುತ್ತಾರೆ, ಬೆಂಗಳೂರಿನಿಂದ ಇನ್ನೊಬ್ಬರು ಬಂದು ಕೇಳುತ್ತಾರೆ, ಅಷ್ಟರಲ್ಲಿ ಮಾರಿಹೋಗಿರುತ್ತದೆ. ಪಟ್ಟೇದಾರರ (ಒಕ್ಕದ ಹಿರಿಯರು) ಸಹಿಯ ಒಂದು ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ. ಬೇರೆ ದೊಡ್ಡ ಸಾಮಾನಿಗೂ ಕೊಟ್ಟವರ ಸಹಿ, ತಾರೀಖು, ‘ಮಾರಲು ಒಪ್ಪಿಗೆ’ ಅನ್ನುವ ಒಂದು ಸಾಲು ಇರಲಿ.

ಲೆಡ್ಜರ್_ಪುಟ
ಕಾಗದದ ವಿಷಯ. ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, ಕನಿಷ್ಠ ಏಳು ಜನ. ಉದ್ದೇಶದಲ್ಲಿ ‘ವೈದ್ಯಕೀಯ ನೆರವು’ ಅಂತ ನೇರವಾಗಿ ಬರೆಸಿ. ‘ಸಮಾಜ ಸೇವೆ’ ಅಂತ ಹರಡಿ ಬರೆದರೆ, ಸಾರ್ವಜನಿಕ ಉಪಯೋಗದ ಇತರ ಉದ್ದೇಶ ಅಂತ ತೆಗೆದುಕೊಂಡು, ವ್ಯಾಪಾರದ ಆದಾಯ ಒಟ್ಟು ಬಂದದ್ದರ ಶೇ 20 ದಾಟಬಾರದು ಅನ್ನುವ ಮಿತಿ ಹೇರುತ್ತಾರೆ. ವೈದ್ಯಕೀಯ ನೆರವಿಗೆ ಆ ಮಿತಿ ಇಲ್ಲ, ಆದರೆ ಅಂಗಡಿಯ ಲೆಕ್ಕಪುಸ್ತಕ ಬೇರೆಯೇ ಇರಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ, ಆಡಿಟರ್ ಹಳೆ ನಮೂನೆ ತುಂಬಿಸುತ್ತಿಲ್ಲ ತಾನೇ ಅಂತ ನೋಡಿಕೊಳ್ಳಿ.

ಎಲ್ಲರೂ ಎಡವುವುದು 80ಜಿ (ದೇಣಿಗೆ ಕೊಟ್ಟವರ ತೆರಿಗೆ ವಿನಾಯಿತಿಗೆ ಹಳೆ ಕಾಯ್ದೆಯಲ್ಲಿದ್ದ ಕಲಮು) ರಸೀದಿಯಲ್ಲಿ. ಸಾಮಾನು ಕೊಟ್ಟವರಿಗೆ ತೆರಿಗೆ ವಿನಾಯಿತಿ ಇಲ್ಲ, ಹಣಕ್ಕೆ ಮಾತ್ರ; ನಗದಾದರೆ 2,000 ರೂಪಾಯಿ ತನಕ ಮಾತ್ರ. ಅಂಗಡಿಯಲ್ಲಿ ಕೊಂಡವರಿಗೂ ಇಲ್ಲ, ಅದು ಮಾರಾಟ. ‘ಕುರ್ಚಿ ಕೊಟ್ಟೆ, 10,000ಕ್ಕೆ ರಸೀದಿ ಕೊಡಿ’ ಅಂತ ಕೇಳುವವರಿಗೆ ಬರೀ ಕೃತಜ್ಞತಾ ಪತ್ರ ಕೊಡಿ, ಬೆಲೆ ಬರೆಯಬೇಡಿ.

ಬರೀ ಸರಕು ಮಾರಾಟವಾದರೆ ವರ್ಷಕ್ಕೆ 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಡ; ಕುಪ್ಯದ ಬಾಡಿಗೆಯೂ ಸೇರಿದರೆ ಮಿತಿ 20 ಲಕ್ಷ. ದಾಟಿದರೆ, ಹಳೆ ಮಾಲಿಗೆ ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ವ್ಯತ್ಯಾಸದ ಮೇಲೆ ತೆರಿಗೆ ಅನ್ನುವ ನಿಯಮವಿದೆ. ನಿಮಗೆ ಕೊಂಡ ಬೆಲೆ ಸೊನ್ನೆ, ಹಾಗಾಗಿ ಅದರಿಂದ ಏನೂ ಲಾಭವಿಲ್ಲ. ನಗರಸಭೆಯ ಉದ್ದಿಮೆ ಪರವಾನಗಿ, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ ಎರಡೂ ಬೇಕು. ಕೆನಡಾದಲ್ಲಿರುವ ನಂಟರು ಹಣ ಕಳುಹಿಸುತ್ತೇನೆ ಅಂದರೆ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ್ದಾದರೆ ಸರಿ, ಅಲ್ಲಿಯದಾದರೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟಬಾರದು.

ವಾರ್ಡ್_ಡ್ಯೂಟಿ
ದುಡ್ಡು ಯಾವುದಕ್ಕೆ ಕೊಡಬೇಕು ಅನ್ನುವುದನ್ನು ಯಾರೂ ಕೇಳಲಿಲ್ಲ. ಆಪರೇಷನ್ನಿಗೆ ಕೊಡಲು ಹೋಗಬೇಡಿ, ನಿಮ್ಮ 20,000 ಅಲ್ಲಿ ಕಾಣುವುದೂ ಇಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ಆದರೆ ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಅದನ್ನು ಮಾಡಿಸಿಕೊಳ್ಳದೆ ನೇರ ಮೈಸೂರಿನ ಖಾಸಗಿ ಆಸ್ಪತ್ರೆಗೆ ಹೋಗಿ, ಆಮೇಲೆ ಬಿಲ್ಲು ಹಿಡಿದುಕೊಂಡು ಅಲೆಯುವವರು ಬಹಳ. ಅಂಗಡಿಯಲ್ಲಿ ಈ ಚೀಟಿಯ ವಿಷಯ ತಿಳಿಸಿ ಹೇಳುವ ಒಬ್ಬರು ಕೂತರೆ ಅದೇ ಅರ್ಧ ನೆರವು.

ಯೋಜನೆಗೆ ಬರದ್ದು ಓಡಾಟ, ಊಟ, ಜೊತೆಗೆ ಬಂದವರ ವಾಸ್ತವ್ಯ. ಡಯಾಲಿಸಿಸ್ ವಾರಕ್ಕೆ ಮೂರು ಸಲ, ವರ್ಷಕ್ಕೆ 156 ಸಲ. ಇಬ್ಬರ ಬಸ್ಸು, ಊಟಕ್ಕೆ 200 ಅಂತ ಹಿಡಿದರೂ 31,200. ತಿಂಗಳಿಗೆ 20,000 ಉಳಿದರೆ ವರ್ಷಪೂರ್ತಿ ಏಳು ಜನರನ್ನು ನೋಡಿಕೊಳ್ಳಬಹುದು. ಹೆಂಗಸರಿಗೆ ಶಕ್ತಿ ಯೋಜನೆ ಇದೆಯಲ್ಲ ಅನ್ನಬೇಡಿ. ಒಳಗಿನ ಊರುಗಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. ಡಯಾಲಿಸಿಸ್ ಕಾರ್ಡಿನ ಹಾಜರಿ ನೋಡಿ ಹದಿನೈದು ದಿನಕ್ಕೊಮ್ಮೆ ಬ್ಯಾಂಕ್ ಖಾತೆಗೆ ಹಾಕಿ. ಔಷಧಿಗಾದರೆ ನೇರ ಮೆಡಿಕಲ್ ಶಾಪಿಗೆ ಕಟ್ಟಿ, ಜನೌಷಧಿಯಲ್ಲಿ ಸಿಗುತ್ತದೆಯೇ ಅಂತ ಮೊದಲು ನೋಡಿ. ರೋಗಿಯ ಫೋಟೋ ಅಂಗಡಿ ಗೋಡೆಗೆ ಬೇಡ. ಊರು ಸಣ್ಣದು.

ಮಂಜಿನೂರು
ಮೇಡಂ, ವೀಲ್‌ಚೇರ್, ವಾಕರ್, ಆಕ್ಸಿಜನ್ ಮೆಷಿನ್ ಕೊಡುತ್ತೇವೆ ಅನ್ನುವವರಿದ್ದಾರೆ. ಮಾರಬಹುದೇ?

ವಾರ್ಡ್_ಡ್ಯೂಟಿ
ಮಾರಬೇಡಿ, ಡೆಪಾಸಿಟ್ ಮೇಲೆ ಎರವಲು ಕೊಡಿ. ವಾಕರಿನಲ್ಲಿ ನೋಡಬೇಕಾದ್ದು ಕಾಲಿನ ರಬ್ಬರ್ ಬುಷ್. ಸವೆದು ಲೋಹ ಕಂಡರೆ ಒದ್ದೆ ಸಿಮೆಂಟಿನ ಮೇಲೆ ಜಾರುತ್ತದೆ. ವೀಲ್‌ಚೇರಿನಲ್ಲಿ ಎರಡೂ ಬ್ರೇಕು, ಮಡಚುವ ಅಡ್ಡಪಟ್ಟಿಯ ಬೋಲ್ಟು. ವಾಪಸು ಬಂದಾಗ ಸೋಪಿನ ನೀರಿನಲ್ಲಿ ತೊಳೆದು, ಶೇ 5ರ ಬ್ಲೀಚ್ ದ್ರಾವಣ ಒಂದು ಪಾಲಿಗೆ 49 ಪಾಲು ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ಬರೀ ನೀರಿನಲ್ಲಿ ಮತ್ತೆ ಒರೆಸಿ. ಕೊನೆಯದನ್ನು ಬಿಟ್ಟರೆ ಕ್ರೋಮು ತುಕ್ಕು ಹಿಡಿಯುತ್ತದೆ.

ಆಕ್ಸಿಜನ್ ಕಾನ್ಸಂಟ್ರೇಟರ್ ವಿಷಯದಲ್ಲಿ ಹುಷಾರು. 2021ರಲ್ಲಿ ಕೊಂಡು ಮೂಲೆಗೆ ಸರಿಸಿದ್ದೇ ಹೆಚ್ಚು. ಒಳಗಿನ ಜಿಯೋಲೈಟ್ ಕಾಳು (ಗಾಳಿಯ ಸಾರಜನಕ ಹಿಡಿಯುವುದು ಇದೇ) ನಿಂತಲ್ಲೇ ತೇವ ಕುಡಿಯುತ್ತದೆ; ಮೆಷಿನ್ ಸದ್ದು ಮಾಡುತ್ತದೆ, ಗಾಳಿ ಬರುತ್ತದೆ, ಆಕ್ಸಿಜನ್ ಬೇಕಾದಷ್ಟು ಇರುವುದಿಲ್ಲ. ಅರ್ಧ ಗಂಟೆ ಓಡಿಸಿ, ಅನಲೈಸರಿನಲ್ಲಿ ಅಳೆದರೆ ಶೇ 90ರಿಂದ 96 ತೋರಿಸಬೇಕು. ಅನಲೈಸರ್ ಇಲ್ಲದಿದ್ದರೆ ಮೆಷಿನ್ ತೆಗೆದುಕೊಳ್ಳಬೇಡಿ. ಡಾಕ್ಟರ ಚೀಟಿ ಇಲ್ಲದೆ ಯಾರಿಗೂ ಕೊಡಬೇಡಿ. ಉಳಿದ ಮಾತ್ರೆ, ಇನ್ಸುಲಿನ್ ಎಲ್ಲ ಸಾಮಾನಿನ ಡಬ್ಬಕ್ಕೆ ಹಾಕಿ ಹೋಗುವವರಿರುತ್ತಾರೆ. ಲೈಸೆನ್ಸ್ ಇಲ್ಲದೆ ಔಷಧಿ ಮಾರುವುದು ಅಪರಾಧ.

ಶುಕ್ರವಾರ_ಸಂತೆ
ಬೆಲೆ ಬಗ್ಗೆ: ಚೀಟಿ ಹಾಕಿ, ಚೌಕಾಸಿ ಬೇಡ. ‘ರೋಗಿಗಳಿಗೆ ಹೋಗುವ ದುಡ್ಡು’ ಅಂತ ಬೋರ್ಡಿದ್ದರೂ ಕೇಳಿಯೇ ಕೇಳುತ್ತಾರೆ. ಒಬ್ಬರಿಗೆ ಬಿಟ್ಟರೆ ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ.

ಸ್ಕ್ರೂಡ್ರೈವರ್
ದೊಡ್ಡ ಪೀಠೋಪಕರಣಕ್ಕಾದರೂ ಸ್ವಲ್ಪ ಬಿಡಬೇಕಾಗುತ್ತದೆ ಅಣ್ಣ. ನಾಲ್ಕು ತಿಂಗಳು ಜಾಗ ತಿನ್ನುವ ಮಂಚಕ್ಕಿಂತ 500 ಕಮ್ಮಿಗೆ ಹೋದ ಮಂಚ ಒಳ್ಳೆಯದು. ಕಾಫಿ ಮಾರಿ ದುಡ್ಡು ಬರುವ ಫೆಬ್ರವರಿಯಿಂದ ಏಪ್ರಿಲ್ ತನಕ ಬಿಡಬೇಡಿ, ಜೂನ್ ಹತ್ತಿರ ಬಂದರೆ ಬಿಡಿ.

ಮಂಜಿನೂರು
ಹಾಗಾದರೆ ಪಾತ್ರೆ-ಪೀಠೋಪಕರಣದಿಂದಲೇ ಶುರು, ಬಟ್ಟೆಯಲ್ಲಿ ಉಣ್ಣೆ, ಮಕ್ಕಳದ್ದು, ಕುಪ್ಯ ಮಾತ್ರ. ಯಾವಾಗ ತೆರೆಯುವುದು? ರೂಮಿಗೆ ಈ ವಾರ ಅಡ್ವಾನ್ಸ್ ಕೊಡಬೇಕು.

ಗೋಣಿಚೀಲ
ಕಾವೇರಿ ಸಂಕ್ರಮಣ (ಅಕ್ಟೋಬರ್ ಮಧ್ಯ) ಕಳೆದ ಮೇಲೆ ಸಾಮಾನು ತೆಗೆದುಕೊಳ್ಳಲು ಶುರು ಮಾಡಿ, ನವೆಂಬರ್ ಮಧ್ಯಕ್ಕೆ ಬಾಗಿಲು ತೆರೆಯಿರಿ. ಮೇ 15ಕ್ಕೆ ಬಟ್ಟೆ ತೆಗೆದುಕೊಳ್ಳುವುದು ಬಂದ್.

ಅಡ್ವಾನ್ಸ್ ಕೊಡುವ ಮೊದಲು ಆ ಗೋಡೌನಿನ ಹಿಂದಿನ ಗೋಡೆಗೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಗಟ್ಟಿಯಾಗಿ ಟೇಪು ಹೊಡೆಯಿರಿ. ಎರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಹೊರಮೈಯಲ್ಲಿದ್ದರೆ ಅದು ರೂಮಿನ ಗಾಳಿಯ ತೇವ, ಮೆಷಿನ್ ಇಟ್ಟರೆ ಹೋಗುತ್ತದೆ. ಗೋಡೆಯ ಕಡೆಯ ಮೈಯಲ್ಲಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಹಿಂದೆ ಬರೆ (ಕಡಿದ ಗುಡ್ಡದ ಮಣ್ಣಿನ ಗೋಡೆ) ಇದ್ದರಂತೂ ಖಂಡಿತ. ಆ ರೂಮು ಬಿಟ್ಟು ಬೇರೆ ನೋಡಿ.